ಗುಮ್ಮಟವೂ ಗ್ಯಾಲರಿಯೂ

ಬಾನುಲಿಗೆಂದು ಹತ್ತು ನಿಮಿಷಕ್ಕೆ ಹೊಂದಿಸಿಕೊಂಡಿದ್ದ ಮಾತನ್ನು ಇಲ್ಲಿ ಕೊಂಚ ಹಿಗ್ಗಿಸಿ ಕೊಟ್ಟಿದ್ದೇನೆ. ಅಲ್ಲಿ ಗಡಿಯಾರದ ಮುಳ್ಳು ಎದುರಿಗೇ ಕೂತು ಹೆದರಿಸುತ್ತದೆ. ಇಲ್ಲಿ ಆ ಭಯವಿಲ್ಲ, ನಿಮ್ಮ ತಾಳ್ಮೆಯದು ಮಾತ್ರ.

ಮೊದಲು ಒಂದು ಪ್ರಶ್ನೆ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಇಪ್ಪತ್ತು ಮೂವತ್ತು ವರ್ಷಗಳಿಂದ ಬಾಳುತ್ತಿರುವ ನೀವು, ನಿಮ್ಮ ಊರಿನ ಮಹಾನಗರಪಾಲಿಕೆಯ ಸಭೆ ನಡೆಯುವ ಹಾಲನ್ನು ಎಂದಾದರೂ ಒಳಹೊಕ್ಕು ನೋಡಿದ್ದೀರಾ? ಘರ್‌ಪಟ್ಟಿ ಕಟ್ಟುವ ಕಿಟಕಿ ನಿಮಗೆ ಗೊತ್ತು. ಪಾಣಿಪಟ್ಟಿಯ ಬಿಲ್ಲು ಗೊತ್ತು. ಜನನ ಮರಣದ ದಾಖಲೆ ಕೊಡುವ ಟೇಬಲ್ಲು ಎಷ್ಟನೆಯ ಮಹಡಿಯಲ್ಲಿದೆ ಎಂಬುದೂ ಗೊತ್ತು. ಸಭೆಯ ಹಾಲು? ನಾನು ಡೊಂಬಿವಲಿಗೆ ಬಂದು ನಲವತ್ತು ವರ್ಷ ದಾಟಿದೆ. ಬ್ಯಾಂಕಿನ ಕೆಲಸದಲ್ಲಿ ಮೂವತ್ತೈದು ವರ್ಷ ಬೆಳಗಿನ ಗಾಡಿ ಹಿಡಿದು ಮುಂಬಯಿಗೆ ಹೋಗಿ ರಾತ್ರಿ ಮರಳಿದವನು. ಊರಲ್ಲಿ ಮಲಗುತ್ತಿದ್ದೆ, ಅಷ್ಟೆ. ನನಗೂ ಗೊತ್ತಿರಲಿಲ್ಲ.

ಈ ವಿಷಯ ತಲೆಯೊಳಗೆ ಹೊಕ್ಕಿದ್ದು ಮೊಮ್ಮಗನಿಂದ. ಮಗಳ ಮನೆ ಬೇಲಾಪುರದಲ್ಲಿ. 2023ರಲ್ಲಿ ಒಂದು ಸಂಜೆ ಪಾಮ್ ಬೀಚ್ ರಸ್ತೆಯಲ್ಲಿ ರಿಕ್ಷಾದಲ್ಲಿ ಬರುತ್ತಿದ್ದೆವು. ದೂರದಲ್ಲಿ ದೊಡ್ಡ ಗುಮ್ಮಟ ಕಂಡಿತು. "ಅಜ್ಜ, ಅದು ಪಾರ್ಲಿಮೆಂಟಾ?" ಎಂದು ಕೇಳಿದ. "ಅಲ್ಲ ಮಗಾ, ಅದು ಇಲ್ಲಿನ ಮುನ್ಸಿಪಾಲಿಟಿ" ಎಂದೆ. "ಒಳಗೆ ಯಾರು ಕೂತುಕೊಳ್ಳುತ್ತಾರೆ?" ಎಂದ. ನಾವು ಆರಿಸಿದವರು ಎಂದು ಹೇಳಹೊರಟವನು ನಡುವೆಯೇ ನಿಂತುಬಿಟ್ಟೆ. ಯಾಕೆಂದರೆ ಆಗ ಅಲ್ಲಿ ನಾವು ಆರಿಸಿದವರು ಒಬ್ಬರೂ ಇರಲಿಲ್ಲ.

ಆ ಕಟ್ಟಡದ ಬಗ್ಗೆ ಸ್ವಲ್ಪ ಹೇಳುತ್ತೇನೆ. ನವಿಮುಂಬಯಿ ಮಹಾನಗರಪಾಲಿಕೆಯ ಈ ಮುಖ್ಯ ಕಚೇರಿ 2014ರಲ್ಲಿ ತೆರೆಯಿತು. ಅದಕ್ಕೆ ಮೊದಲು ಪಾಲಿಕೆ ಸಿಬಿಡಿಯ ಬೇಲಾಪುರ ಭವನದಲ್ಲಿತ್ತು. ಹೊಸದನ್ನು ರೂಪಿಸಿದವರು ವಾಸ್ತುಶಿಲ್ಪಿ ಹಿತೇನ್ ಸೇಠಿ. ನಡುವೆ ಗುಮ್ಮಟ, ಇಕ್ಕೆಲಗಳಲ್ಲಿ ಚಾಚಿದ ಮಹಡಿಗಳು, ಮುಂದೆ 225 ಅಡಿ ಎತ್ತರದ ಧ್ವಜಸ್ತಂಭ. ಆಗಸ್ಟ್ 15, ಜನವರಿ 26ರ ಹೊತ್ತಿಗೆ ಮೂರು ಬಣ್ಣದ ದೀಪ ಹಾಕುತ್ತಾರೆ. ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಜನ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ. ಕಟ್ಟಡ ಚೆಂದವಾಗಿದೆ, ಸುಳ್ಳು ಹೇಳಬಾರದು. ಸರಕಾರಿ ಕಚೇರಿ ಎಂದರೆ ಪಾನಿನ ಕಲೆ ಬಿದ್ದ ಮೆಟ್ಟಿಲು ಎಂಬ ನಮ್ಮ ಎಣಿಕೆಯನ್ನು ಅದು ಸುಳ್ಳುಮಾಡಿತು. ಆದರೆ ನೋಡಿ, ಜನ ಫೋಟೋ ತೆಗೆಸಿಕೊಳ್ಳುವುದು ರಸ್ತೆಯ ಕಡೆಯಿಂದ. ಕಟ್ಟಡ ಹಿಂದೆ, ನಾವು ಮುಂದೆ. ಹಬ್ಬದ ದಿನ ತೇರಿನ ಪಕ್ಕ ನಿಂತ ಹಾಗೆ.

ಪುರಭವನ ಹೇಗಿರಬೇಕು ಎಂದು ಬಹಳ ಹಿಂದೆಯೇ ಕಾಗದದ ಮೇಲೆ ಬರೆದಿಟ್ಟವರು ಸ್ಪೇನಿನವರು. ಸ್ಪೇನ್ ಇಲ್ಲಿಗೆ ಯಾಕೆ ಬಂತು ಎನ್ನಬೇಡಿ. ನಮ್ಮ ಥಾಣೆಗೂ ಸ್ಪೇನಿನ ಅರಸನಿಗೂ ಅರುವತ್ತು ವರ್ಷಗಳ ನಂಟಿದೆ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಶಾ ವಸಾಯಿಯನ್ನೂ ಅದಕ್ಕೆ ಸೇರಿದ ಥಾಣೆ, ಸಾಲ್ಸೆಟ್, ಮುಂಬಯಿಯ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1580ರಲ್ಲಿ ಪೋರ್ಚುಗಲ್ಲಿನ ಸಿಂಹಾಸನಕ್ಕೆ ವಾರಸುದಾರರಿಲ್ಲದೆ ಸ್ಪೇನಿನ ಎರಡನೆಯ ಫಿಲಿಪ್ ಅಲ್ಲಿಗೂ ಅರಸನಾದ. 1640ರವರೆಗೆ ಎರಡು ಕಿರೀಟ ಒಂದೇ ತಲೆಯ ಮೇಲೆ. ಅಂದರೆ ಆ ಅರುವತ್ತು ವರ್ಷ ಥಾಣೆಯ ಕೊಲ್ಲಿಯ ದಡದಲ್ಲಿ ಬಲೆ ಒಣಗಿಸುತ್ತಿದ್ದ ಕೋಳಿ ಬೆಸ್ತನೂ, ಮೆಕ್ಸಿಕೋದಲ್ಲಿ ಜೋಳ ಬಿತ್ತುತ್ತಿದ್ದವನೂ ಒಬ್ಬನೇ ಅರಸನ ಪ್ರಜೆಗಳು. ಇಬ್ಬರಿಗೂ ಅದು ಗೊತ್ತಿದ್ದಿರಲಾರದು, ಆ ಮಾತು ಬೇರೆ.

ಈ ಫಿಲಿಪ್ ಕಾಗದ ಪತ್ರದ ದೊಡ್ಡ ಹುಚ್ಚಿನವನು. 1573ರಲ್ಲಿ ಅಮೆರಿಕದ ಹೊಸ ಊರುಗಳನ್ನು ಹೇಗೆ ಕಟ್ಟಬೇಕೆಂದು ಒಂದು ಕಟ್ಟಳೆಯನ್ನೇ ಹೊರಡಿಸಿದ. ಮೊದಲು ಚೌಕ, ಆಮೇಲೆ ಬೀದಿ, ಆಮೇಲೆ ಮನೆ. ಚೌಕದ ಉದ್ದ ಅಗಲದ ಒಂದೂವರೆ ಪಟ್ಟಾದರೂ ಇರಬೇಕು, ಹಬ್ಬದಲ್ಲಿ ಕುದುರೆ ಓಡಿಸಲು ಅದೇ ಅನುಕೂಲವಂತೆ. 200 ಅಡಿ ಅಗಲ 300 ಅಡಿ ಉದ್ದಕ್ಕಿಂತ ಕಡಿಮೆಯಾಗಬಾರದು; 400ಕ್ಕೆ 600 ಆದರೆ ಉತ್ತಮ. ಚೌಕದ ಸುತ್ತಲೂ, ಅದರಿಂದ ಹೊರಡುವ ಮುಖ್ಯ ಬೀದಿಗಳಲ್ಲೂ ಕಮಾನಿನ ಮೊಗಸಾಲೆ ಇರಬೇಕು, ವ್ಯಾಪಾರಕ್ಕೆ ಬಂದವರಿಗೆ ನೆರಳಾಗಲೆಂದು. ಇಗರ್ಜಿ, ಅರಸನ ಮನೆ, ಊರಸಭೆಯ ಮನೆ ಎಲ್ಲ ಅಲ್ಲೇ ಒತ್ತಿನಲ್ಲಿ.

ಆ ಊರಸಭೆಗೂ ಅದು ಕೂಡುವ ಮನೆಗೂ ಒಂದೇ ಹೆಸರು: ಕಬಿಲ್ದೊ. ಇದು ನನಗೆ ಬಹಳ ಹಿಡಿಸಿದ ಸಂಗತಿ. ನಮ್ಮಲ್ಲಿ ಸಭೆ ಬೇರೆ, ಹಾಲು ಬೇರೆ, ಆಫೀಸು ಬೇರೆ.

ಕಬಿಲ್ದೊ ಕಟ್ಟಡದ ಮಾದರಿ ಸರಳ. ಕೆಳಗೆ ದಪ್ಪ ಗೋಡೆ, ಎದುರಿಗೆ ಕಮಾನುಗಳ ಸಾಲು. ಬಿಸಿಲು ಮಳೆಗೆ ಯಾರು ಬೇಕಾದರೂ ಒಳಗೆ ಬಂದು ನಿಲ್ಲಬಹುದು, ಕಾವಲುಗಾರನ ಅಪ್ಪಣೆ ಬೇಡ. ಮೇಲಿನ ಮಹಡಿಯಲ್ಲಿ ಸಭೆಯ ಕೋಣೆ, ಅದರ ಮುಂದೆ ಚೌಕದ ಕಡೆಗೆ ತೆರೆದ ಉದ್ದನೆಯ ಬಾಲ್ಕನಿ. ಹಲವು ಕಡೆ ನಡುವೆ ಒಂದು ಗೋಪುರ, ಅದರಲ್ಲಿ ಗಂಟೆ. ಹಿಂದುಗಡೆ ಅಥವಾ ಕೆಳಗೆ ಬಂದೀಖಾನೆ. ಸಭೆಯಲ್ಲಿ ಇಬ್ಬರು ನ್ಯಾಯ ಹೇಳುವವರು, ಉಳಿದವರು ಸದಸ್ಯರು. ರೊಟ್ಟಿ ಮಾಂಸದ ಬೆಲೆ, ತಕ್ಕಡಿ ಬಟ್ಟಿನ ಸಾಚಾತನ, ನೀರು, ಬೀದಿ, ಕಸಾಯಿಖಾನೆ, ಇವು ಅವರ ಕೆಲಸ. ನಮ್ಮ ಪಾಲಿಕೆಯ ಕಲಾಪಪಟ್ಟಿಯಂತೆಯೇ ಇದೆಯಲ್ಲ! ಆಗಿನವರೇನು ಪುಣ್ಯಾತ್ಮರಲ್ಲ. ಆಸ್ತಿವಂತ ಬಿಳಿಯರಿಗಷ್ಟೇ ಕುರ್ಚಿ. ಖಜಾನೆ ಬರಿದಾದಾಗ ಅರಸನೇ ಆ ಕುರ್ಚಿಗಳನ್ನು ಹರಾಜಿಗಿಟ್ಟ. ಊರಿನ ಮೂಲ ನಿವಾಸಿಗಳ ಪಾಲಿಗೆ ಆ ಕಮಾನುಗಳ ಕೆಳಗೆ ಸಿಕ್ಕಿದ್ದು ಮುಖ್ಯವಾಗಿ ಬಂದೀಖಾನೆಯೇ.

ಆದರೂ ಒಂದು ಪದ್ಧತಿ ಇತ್ತು. ಊರಿಗೆ ದೊಡ್ಡ ಸಂಕಟ ಬಂದಾಗ ಸದಸ್ಯರಷ್ಟೇ ಕೂತು ತೀರ್ಮಾನಿಸದೆ, ಊರಿನ ಗಣ್ಯರನ್ನೆಲ್ಲ ಕರೆದು 'ತೆರೆದ ಕಬಿಲ್ದೊ' ನಡೆಸುತ್ತಿದ್ದರು. 1810ರ ಮೇ 22ರಂದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಅಂಥದೊಂದು ಸಭೆ ಸೇರಿತು. ಸುಮಾರು 450 ಮಂದಿಗೆ ಕರೆ ಹೋಗಿತ್ತು, ಬಂದವರು 250ರಷ್ಟು. ಸ್ಪೇನಿನ ಅರಸ ನೆಪೋಲಿಯನ್ನನ ಸೆರೆಯಲ್ಲಿದ್ದಾನೆ, ಅವನ ಹೆಸರಿನಲ್ಲಿ ಆಳುವ ವೈಸರಾಯ್ ಇನ್ನು ಯಾಕೆ ಎಂಬುದು ಚರ್ಚೆ. ಮೂರು ದಿನದ ಮೇಲೆ, ಮೇ 25ರಂದು, ಒಳಗಿನವರು ಮತ್ತೆ ಬಾಗಿಲು ಹಾಕಿಕೊಂಡು ಕೂತಾಗ ಚೌಕದಲ್ಲಿ ಸೇರಿದ ಜನ ಒಳಗೇನು ನಡೆಯುತ್ತಿದೆ ಹೇಳಿ ಎಂದು ಹಟಹಿಡಿದರು. ಹೊಸ ಸರಕಾರ ಬಂದಿತು. ಅರ್ಜೆಂಟೀನಾದವರಿಗೆ ಮೇ 25 ಈಗಲೂ ರಾಷ್ಟ್ರೀಯ ಹಬ್ಬ.

ಆ ಕಟ್ಟಡದ ಮುಂದಿನ ಗತಿಯೂ ಕೇಳುವಂಥದು. ಅದಕ್ಕೆ ಹನ್ನೊಂದು ಕಮಾನುಗಳಿದ್ದವು. 1889ರಲ್ಲಿ ಹೊಸ ರಾಜಬೀದಿಗೆಂದು ಒಂದು ಕಡೆಯ ಮೂರನ್ನು ಕೆಡವಿದರು, ಗೋಪುರವನ್ನೂ ಇಳಿಸಿದರು. 1931ರಲ್ಲಿ ಇನ್ನೊಂದು ರಸ್ತೆಗೆ ಇನ್ನೊಂದು ಕಡೆಯ ಮೂರು ಹೋದವು. ಉಳಿದದ್ದು ಐದು. ರಸ್ತೆ ಅಗಲ ಮಾಡುವವರು ಎಲ್ಲ ದೇಶದಲ್ಲೂ ಒಂದೇ ಜಾತಿ! 1933ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿ, 1940ರಲ್ಲಿ ಗೋಪುರವನ್ನು ಮತ್ತೆ ಕಟ್ಟಿದರು. ಈಗ ಅದು ವಸ್ತುಸಂಗ್ರಹಾಲಯ.

ನಮ್ಮ ಕಡೆಗೆ ಬರೋಣ. ಪೋರ್ಚುಗೀಸರ ಊರಸಭೆಗೆ ಕಾಮರಾ ಎಂಬ ಹೆಸರು. ವಸಾಯಿ ಕೋಟೆಯೊಳಗೆ ಅದರ ಮನೆಯ ಅವಶೇಷ ಇನ್ನೂ ನಿಂತಿದೆ. ಶಾಲೆಯ ಮಕ್ಕಳ ಪಿಕ್‌ನಿಕ್ಕಿಗೆ, ಮದುವೆಗೆ ಮುಂಚಿನ ಫೋಟೋಗಳಿಗೆ ಆ ಕೋಟೆ ಪ್ರಸಿದ್ಧ. 1739ರಲ್ಲಿ ಚಿಮಾಜಿ ಅಪ್ಪಾ ಅದನ್ನು ಗೆದ್ದ. ಥಾಣೆಯಲ್ಲಿ ಪೋರ್ಚುಗೀಸರು 1730ರಲ್ಲಿ ಕಟ್ಟಲು ತೊಡಗಿದ ಕೋಟೆ 1737ರಲ್ಲೇ ಮರಾಠರ ಪಾಲಾಯಿತು. ಇಂಗ್ಲಿಷರು ಬಂದು ಅದನ್ನು ಜೈಲು ಮಾಡಿದರು. ಇಂದಿಗೂ ಅದೇ ಥಾಣೆಯ ಸೆಂಟ್ರಲ್ ಜೈಲು. ಬೇಲಾಪುರದಲ್ಲೂ ಸಿದ್ದಿಗಳು ಕಟ್ಟಿದ, ಆಮೇಲೆ ಪೋರ್ಚುಗೀಸರ, ಮರಾಠರ, ಇಂಗ್ಲಿಷರ ಕೈಗೆ ಸರದಿಯಲ್ಲಿ ಹೋದ ಕೋಟೆಯ ಅಳಿದುಳಿದ ಕಲ್ಲುಗಳಿವೆ. ಕಿಲ್ಲಾ ಗಾಂವ್‌ಠಾಣ ಎಂಬ ಹೆಸರು ಅದರಿಂದಲೇ. ಗುಮ್ಮಟ ಎದ್ದಿರುವುದು ಆ ಕೋಟೆಯ ನೆರೆಯಲ್ಲಿ.

ಇದಕ್ಕೂ ಹಿಂದಿನ ಮಾತು ಬೇಕೆಂದರೆ, ಉತ್ತರ ಕೊಂಕಣದ ಶಿಲಾಹಾರರಿಗೆ ಥಾಣೆ ರಾಜಧಾನಿ. ರಾಷ್ಟ್ರಕೂಟರ ಸಾಮಂತರಾಗಿ ಬೆಳೆದ ಮನೆತನ ಅದು. ಕಲ್ಯಾಣದ ಆಚೆಗಿನ ಅಂಬರನಾಥದ ದೇವಾಲಯ, 1060ರದು, ಅವರದೇ. ಅವರ ತಾಮ್ರಪಟಗಳಲ್ಲಿ ದಾನ ಕೊಡುವಾಗ ಮಂತ್ರಿಗಳ ಜೊತೆಗೆ ನಗರದ 'ಪೌರ'ರನ್ನೂ ಉದ್ದೇಶಿಸಿ ಹೇಳುವ ರೂಢಿ ಇದೆ. ಮರಾಠಿಯ ಮಹಾಪೌರ, ಕನ್ನಡದ ಪೌರಸಭೆ, ಪೌರಕಾರ್ಮಿಕ ಎಲ್ಲದರಲ್ಲೂ ಇರುವುದು ಆ ಒಂದು ಪದ. ಅರಸನೂ ಪೌರರಿಗೆ ಹೇಳಿ ಕೊಡಬೇಕಿತ್ತು ಎಂಬುದನ್ನು ಗಮನಿಸಿ.

ಇಂಗ್ಲಿಷರು ಬಂದ ಮೇಲೆ ಪುರಭವನಕ್ಕೆ ಬೇರೆ ಅರ್ಥ ಬಂತು. ಮುಂಬಯಿಯ ಟೌನ್ ಹಾಲ್ 1833ರದು. ಅದೇ ಏಶಿಯಾಟಿಕ್ ಸೊಸೈಟಿಯ ಗ್ರಂಥಾಲಯವಿರುವ, ಎದುರಿಗೆ ಮೂವತ್ತು ಮೆಟ್ಟಿಲಿನ ಕಟ್ಟಡ. ಹೆಸರು ಟೌನ್ ಹಾಲ್, ಆದರೆ ಅದು ನಗರಸಭೆಯ ಮನೆಯಲ್ಲ. ನಗರಸಭೆಗೆ ಮನೆ ಸಿಕ್ಕಿದ್ದು ಬಹಳ ತಡವಾಗಿ, ವಿ.ಟಿ. ಸ್ಟೇಷನ್ನಿನ ಎದುರಿಗೆ 1893ರಲ್ಲಿ ಮುಗಿದ ಕಟ್ಟಡದಲ್ಲಿ. ಎರಡನ್ನೂ ರೂಪಿಸಿದವನು ಎಫ್. ಡಬ್ಲ್ಯು. ಸ್ಟೀವನ್ಸ್, ಸ್ಟೇಷನ್ನನ್ನೂ ಪಾಲಿಕೆಯನ್ನೂ. ನಮ್ಮ ಬೆಂಗಳೂರಿನ ಸರ್ ಕೆ.ಪಿ. ಪುಟ್ಟಣ್ಣಚೆಟ್ಟಿ ಪುರಭವನವೂ ಇದೇ ಜಾತಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು, 1935ರಲ್ಲಿ ತೆರೆಯಿತು. ಒಳಗೆ ಸಂಗೀತ, ನಾಟಕ, ಸಮಾರಂಭ. ಆದರೆ ಅದರ ಮೆಟ್ಟಿಲುಗಳನ್ನು ಜನ ತಮ್ಮದಾಗಿ ಮಾಡಿಕೊಂಡರು. ಎಷ್ಟು ಚಳವಳಿ, ಎಷ್ಟು ಧರಣಿ ಆ ಮೆಟ್ಟಿಲ ಮೇಲೆ! 2021ರ ಆದೇಶದ ನಂತರ ಬೆಂಗಳೂರಿನ ಪ್ರತಿಭಟನೆಗಳೆಲ್ಲ ಫ್ರೀಡಂ ಪಾರ್ಕಿಗೆ ಎಂದಾಯಿತು. ಮೆಟ್ಟಿಲಿಗೆ ಸಿಕ್ಕಿದ್ದ ಅರ್ಥ ಹಾಗೆ ಹೋಯಿತು.

ಥಾಣೆಯ ಕೋರ್ಟ್ ನಾಕಾದ ಟೌನ್ ಹಾಲ್ ನೀವು ನೋಡಿರುತ್ತೀರಿ. ಅಲ್ಲೂ ಪ್ರದರ್ಶನ, ಸಭೆ, ಸಮಾರಂಭ. ಪಾಲಿಕೆಯ ಆಡಳಿತ ಪಾಂಚ್‌ಪಾಖಾಡಿಯಲ್ಲಿ. ನಮ್ಮ ಡೊಂಬಿವಲಿಯಲ್ಲಿ ಸಂಘಗಳ ಯಕ್ಷಗಾನ, ರಾಜ್ಯೋತ್ಸವಗಳಿಗೆ ನಾವು ಹಿಡಿಯುವ ಸಾವಿತ್ರಿಬಾಯಿ ಫುಲೆ ಕಲಾಮಂದಿರ ಪಾಲಿಕೆಯದೇ. ಅಲ್ಲಿ ವರ್ಷಕ್ಕೆ ನಾಲ್ಕು ಸಲ ಹೋಗಿ ಚಪ್ಪಾಳೆ ತಟ್ಟುತ್ತೇವೆ. ಇಬ್ಬರು ನಗರಸೇವಕರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಅವರು ಮಾತಾಡಿ ಹೋಗುತ್ತಾರೆ, ನಾವು ಚೆಂಡೆ ಶುರುವಾಗಲೆಂದು ಕಾಯುತ್ತೇವೆ. ಅವರಿಗೂ ನಮಗೂ ಇರುವ ಸಂಬಂಧ ಅಷ್ಟಕ್ಕೇ ಮುಗಿಯಿತು. ನಾನೇನು ಅವರನ್ನು ದೂರುತ್ತಿಲ್ಲ, ಶಾಲು ತಂದವನು ನಾನೇ.

ಈ ಭಾಗದಲ್ಲಿ ನಗರಸಭೆ ಹೊಸತೇನಲ್ಲ. ಕಲ್ಯಾಣಕ್ಕೆ ಮುನ್ಸಿಪಾಲಿಟಿ ಬಂದದ್ದು 1855ರಲ್ಲಿ, ಅಲ್ಲಿಗೆ ರೈಲು ಬಂದ ಮರುವರ್ಷ. ಥಾಣೆಗೆ 1863ರಲ್ಲಿ. ಕಾರ್ಪೊರೇಷನ್ ಆದದ್ದು ಥಾಣೆ 1982ರಲ್ಲಿ, ಕಲ್ಯಾಣ-ಡೊಂಬಿವಲಿ 1983ರಲ್ಲಿ. ಡೊಂಬಿವಲಿಯವರಾದ ನಮಗೆ ಅಂದಿನಿಂದ ಸಭೆಯ ಹಾಲು ಪಕ್ಕದೂರಿನಲ್ಲಿ, ಕಲ್ಯಾಣದ ಶಂಕರರಾವ್ ಚೌಕದಲ್ಲಿ. ನಮ್ಮೂರಿಗೆ ಒಂದು ಚೌಕವಿದ್ದರೆ ಅದು ಫಡ್ಕೆ ರೋಡ್. ದೀಪಾವಳಿಯ ಬೆಳಿಗ್ಗೆ ಹೊಸ ಬಟ್ಟೆ ತೊಟ್ಟ ಹುಡುಗ ಹುಡುಗಿಯರೆಲ್ಲ ಅಲ್ಲಿ ಸೇರುತ್ತಾರೆ. ಗಣೇಶ ಮಂದಿರದವರು 1999ರಲ್ಲಿ ಆರಂಭಿಸಿದ ಗುಡಿಪಾಡ್ವದ ಶೋಭಾಯಾತ್ರೆಯ ಜನಸಾಗರವೂ ಅಲ್ಲಿಗೇ. ಫಿಲಿಪ್ ಅರಸನ ಅಳತೆಪಟ್ಟಿಗೆ ಫಡ್ಕೆ ರೋಡ್ ಹೊಂದುವುದಿಲ್ಲ, ಇಕ್ಕಟ್ಟು. ಆದರೆ ಊರು ತನ್ನನ್ನು ತಾನು ನೋಡಿಕೊಳ್ಳುವ ಜಾಗ ಅದೇ. ಅಲ್ಲಿ ದೇವರಿದ್ದಾನೆ, ಜನರಿದ್ದಾರೆ. ಸಭೆ ಮಾತ್ರ ಇಲ್ಲ.

ನವಿಮುಂಬಯಿಯ ಕಥೆ ಇನ್ನೂ ಸೋಜಿಗ. ಅದು ಫಿಲಿಪ್ಪನ ಊರುಗಳ ಹಾಗೆಯೇ ಮೊದಲು ಕಾಗದದ ಮೇಲೆ ಹುಟ್ಟಿದ ಊರು. 1960ರ ದಶಕದಲ್ಲಿ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಎಂಬ ಮೂವರು, ಮುಂಬಯಿ ಉಸಿರಾಡಬೇಕಾದರೆ ಕೊಲ್ಲಿಯ ಆಚೆ ಹೊಸ ನಗರ ಬೇಕು ಎಂದು ವಾದ ಮಂಡಿಸಿದರು. 1970ರಲ್ಲಿ ಸಿಡ್ಕೊ ಹುಟ್ಟಿತು. 95 ಹಳ್ಳಿಗಳ ಭೂಮಿ ಹೋಯಿತು. ನೋಡುಗಳು, ಸೆಕ್ಟರುಗಳು, ಉದ್ಯಾನಗಳು ಎಲ್ಲ ಗೆರೆ ಎಳೆದಂತೆ ಬಂದವು. ಪ್ರತಿ ನೋಡಿನ ನಡುವೆ ಏನಿಟ್ಟರು? ರೈಲು ಸ್ಟೇಷನ್ನು, ಅದರ ಮೇಲೆ ಅಂಗಡಿ ಆಫೀಸುಗಳು. 1992ರಲ್ಲಿ ವಾಶಿಗೆ ಮೊದಲ ಗಾಡಿ ಬಂದಾಗ ನಮ್ಮವರು ಎಷ್ಟು ಸಂಭ್ರಮಪಟ್ಟರು ಎಂದು ಹಳಬರಿಗೆ ನೆನಪಿರಬಹುದು. ಸ್ಪೇನಿನವರು ನಡುವೆ ಸಭೆಯಿಟ್ಟರು, ನಾವು ಗಾಡಿಯಿಟ್ಟೆವು. ಹೊಟ್ಟೆಪಾಡಿನ ಊರು, ತಪ್ಪೆನ್ನಲಾರೆ. ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ಆ ನಗರವನ್ನು ನಡೆಸಿದ್ದು ಒಂದು ಕಂಪೆನಿ. ಪಾಲಿಕೆ ಶುರುವಾದದ್ದು 1992ರ ಜನವರಿ 1ಕ್ಕೆ, ಮೊದಲ ಚುನಾವಣೆ 1995ರಲ್ಲಿ.

ಈಗ ಮೊಮ್ಮಗನ ಪ್ರಶ್ನೆಗೆ ಬರುತ್ತೇನೆ. 1992ರ 74ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 243-ಯು ಎಂಬ ವಿಧಿಯಿದೆ. ನಗರಸಭೆಯ ಆಯುಸ್ಸು ಐದು ವರ್ಷ, ಅದು ಮುಗಿಯುವ ಮುಂಚೆಯೇ ಮುಂದಿನ ಚುನಾವಣೆ ಆಗಬೇಕು ಎಂದು ಅದು ಹೇಳುತ್ತದೆ. ನವಿಮುಂಬಯಿಯಲ್ಲಿ 2015ರ ಏಪ್ರಿಲಿನಲ್ಲಿ ಆರಿಸಿದವರ ಅವಧಿ 2020ರ ಮೇ ತಿಂಗಳಿಗೆ ಮುಗಿಯಿತು. ಆಗ ಕೋವಿಡ್, ಚುನಾವಣೆ ಸಾಧ್ಯವಿರಲಿಲ್ಲ, ಒಪ್ಪೋಣ. ಕಲ್ಯಾಣ-ಡೊಂಬಿವಲಿಯದು ಅದೇ ವರ್ಷ ನವೆಂಬರಿಗೆ ಮುಗಿಯಿತು. ಥಾಣೆಯದು 2022ರ ಮಾರ್ಚಿಗೆ. ಕೋವಿಡ್ ಹೋಯಿತು. ಹಿಂದುಳಿದ ವರ್ಗಗಳ ಮೀಸಲಾತಿಯ ದಾವೆ, ವಾರ್ಡುಗಳ ಗಡಿ ಬದಲಾವಣೆ ಎಂದು ವರ್ಷಗಳು ಉರುಳಿದವು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇನ್ನು ತಡಮಾಡಬೇಡಿ ಎಂದಿತು. ಮತದಾನ ಆದದ್ದು 2026ರ ಜನವರಿ 15ಕ್ಕೆ. ಲೆಕ್ಕ ಹಾಕಿ: ಗುಮ್ಮಟದ ಕಟ್ಟಡ ತೆರೆದದ್ದು 2014ರಲ್ಲಿ. ಅದರ ಮೊದಲ ಹನ್ನೆರಡು ವರ್ಷಗಳಲ್ಲಿ ಐದೂವರೆಗೂ ಮಿಕ್ಕಿ ಅಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. ಹೀಗಾದದ್ದು ಇಲ್ಲಿ ಮಾತ್ರವಲ್ಲ. ಬೆಂಗಳೂರಿನಲ್ಲೂ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು ಸಭೆ ಖಾಲಿಬಿತ್ತು. ಮತ್ತೆ ಚುನಾವಣೆ ಕಾಣುವ ಮೊದಲೇ 2025ರಲ್ಲಿ ಆ ಪಾಲಿಕೆ ಒಡೆದು ಐದಾಯಿತು.

ಸಭೆಯಿಲ್ಲದ ಹೊತ್ತಿನಲ್ಲಿ ಆಯುಕ್ತರನ್ನೇ ಪ್ರಶಾಸಕರನ್ನಾಗಿ ನೇಮಿಸುತ್ತಾರೆ. ಆಗ ಪ್ರಸ್ತಾವ ಇಡುವವರೂ ಅವರೇ, ಮಹಾಸಭೆಯ ಸ್ಥಾನದಲ್ಲಿ ಕೂತು ಮಂಜೂರು ಮಾಡುವವರೂ ಅವರೇ. ಬ್ಯಾಂಕಿನಲ್ಲಿದ್ದವನಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸಾಲದ ಅರ್ಜಿ ಬರೆದವನೇ ಸಾಲ ಮಂಜೂರು ಮಾಡಿದರೆ ನಮ್ಮ ಆಡಿಟರು ಅಂಗಡಿ ಮುಚ್ಚಿಸುತ್ತಿದ್ದ.

ಕೆಲಸ ನಿಂತಿತ್ತೇ? ಇಲ್ಲ. ನ್ಯಾಯವಾಗಿ ಹೇಳಬೇಕು. ಸಭೆಯಿಲ್ಲದ ಅದೇ ವರ್ಷಗಳಲ್ಲಿ, 2022ರಲ್ಲೂ 2023ರಲ್ಲೂ, ನವಿಮುಂಬಯಿ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಮೂರನೆಯದಾಗಿ ಬಂತು. ನನ್ನ ಮಗಳೇ ಕೇಳುತ್ತಾಳೆ, "ಅಪ್ಪ, ಕಸ ಹೊತ್ತಿಗೆ ಸರಿಯಾಗಿ ಹೋಗುತ್ತದೆ, ನೀರು ಬರುತ್ತದೆ. ಜಗಳವಾಡುವ ನಗರಸೇವಕರು ಇಲ್ಲದಿದ್ದರೆ ಏನು ನಷ್ಟ?" ಅವಳೊಬ್ಬಳ ಮಾತಲ್ಲ ಇದು. ಸೊಸೈಟಿಯ ಮೀಟಿಂಗುಗಳಲ್ಲಿ, ಲೇಡೀಸ್ ಸ್ಪೆಷಲ್ ಗಾಡಿಯಲ್ಲಿ, ನಮ್ಮ ಸಂಘದ ಕಟ್ಟೆಯಲ್ಲಿ ಎಲ್ಲ ಕಡೆ ಕೇಳಿದ್ದೇನೆ.

ನಾನು ಅವಳಿಗೆ ಹೇಳಿದ್ದು ಒಬ್ಬ ಸ್ನೇಹಿತರ ಅನುಭವ. ಊರು ಯಾವುದೆಂದು ಹೇಳುವುದಿಲ್ಲ, ಈ ಸುತ್ತಿನದೇ. ಉಡುಪಿ ಕಡೆಯವರು, ಹೋಟೆಲು ಮಗನಿಗೆ ಬಿಟ್ಟುಕೊಟ್ಟು ಸೊಸೈಟಿಯ ಸೆಕ್ರೆಟರಿಗಿರಿ ಹಿಡಿದವರು. ಪ್ರತಿ ಮಳೆಗಾಲ ಅವರ ಬಿಲ್ಡಿಂಗಿನ ನೆಲಮಹಡಿಗೆ ಗಟಾರದ ನೀರು. ಮೊದಲಾದರೆ ಸಂಜೆ ನಗರಸೇವಕನ ಕಚೇರಿಗೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಂದು ತಾಸು ಕೂತು, ಕಟಿಂಗ್ ಚಹಾ ಕುಡಿದು, ಜೋರು ಮಾಡಿ ಬರುತ್ತಿದ್ದರು. ಅವನು ಮಾಡಲಿ ಬಿಡಲಿ, ಮುಂದಿನ ಚುನಾವಣೆಯ ಹೆದರಿಕೆ ಅವನಿಗಿತ್ತು. ಸಭೆಯಿಲ್ಲದ ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದು ಮೊಬೈಲಿನಲ್ಲಿ ಒಂದು ದೂರಿನ ನಂಬರು. ಮೂರನೆಯ ದಿನ 'ದೂರು ಪರಿಹರಿಸಲಾಗಿದೆ' ಎಂದು ಸಂದೇಶ ಬಂತು. ಅದನ್ನು ಓದುವಾಗ ಅವರು ಗಟಾರದ ನೀರಿನಲ್ಲೇ ನಿಂತಿದ್ದರು. ಮತ್ತೆ ದೂರು, ಮತ್ತೆ ಪರಿಹಾರದ ಸಂದೇಶ. ಹೀಗೆ ಎರಡು ಮಳೆಗಾಲ. ಕಚೇರಿಗೆ ಹೋದರೆ ಇಂಜಿನಿಯರಿಗೆ ವರ್ಗವಾಗಿದೆ. "ಯಾರ ಹತ್ತಿರ ಜಗಳ ಆಡಬೇಕು ಮಾರಾಯ್ರೆ, ಅದೇ ಗೊತ್ತಾಗುವುದಿಲ್ಲ" ಎಂದರು. ಊರಿನ ಒಟ್ಟು ಅಂಕದಲ್ಲಿ ಅವರ ನೆಲಮಹಡಿ ಕಾಣುವುದಿಲ್ಲ. ಅದನ್ನು ಎದ್ದುನಿಂತು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಯಿಸುವ ಒಬ್ಬ ಬೇಕು. ಅವನು ಒರಟನಾಗಿರಬಹುದು, ತನ್ನ ಲೆಕ್ಕಾಚಾರದವನೂ ಆಗಿರಬಹುದು.

ಮಗಳು ಒಪ್ಪಿದಳೆಂದು ಹೇಳಲಾರೆ. "ಸರಿ, ನೀನು ಬರೆದುಕೊಡು, ನಾನೇ ಆ್ಯಪಿನಲ್ಲಿ ಹಾಕುತ್ತೇನೆ" ಎಂದಳು.

ಜನವರಿ 15ರಂದು ನಾನೂ ನನ್ನ ಮನೆಯವಳೂ ಮತ ಹಾಕಿ ಬಂದೆವು. ಮುಂಬಯಿಯಲ್ಲಿ ಒಂದು ವಾರ್ಡಿಗೆ ಒಬ್ಬರು. ನಮ್ಮ ಕಡೆ ಪ್ಯಾನೆಲ್, ಸಾಮಾನ್ಯವಾಗಿ ನಾಲ್ವರು. ನಾಲ್ಕು ಸಲ ಗುಂಡಿ ಒತ್ತಬೇಕು. ಇದರಿಂದ ನಮ್ಮ ನಗರಸೇವಕ ಯಾರು ಎಂಬುದು ನಾಲ್ಕು ಪಾಲಾಗುತ್ತದೆ, ಗಟಾರ ಯಾರ ಪಾಲಿಗೆ ಎಂಬುದು ಕೂಡ. ನನಗೆ ಈ ಪದ್ಧತಿ ಸರಿ ಕಾಣುವುದಿಲ್ಲ. ಇರಲಿ. ಕಲ್ಯಾಣ-ಡೊಂಬಿವಲಿಗೆ 122, ಥಾಣೆಗೆ 131, ನವಿಮುಂಬಯಿಗೆ 111 ಕುರ್ಚಿಗಳು ಮತ್ತೆ ತುಂಬಿದವು.

ಇನ್ನು ಬಾಲ್ಕನಿಯ ವಿಷಯ. ಕಬಿಲ್ದೊ ಕಟ್ಟಡದಲ್ಲಿ ಬಾಲ್ಕನಿ ಹೊರಮುಖವಾಗಿತ್ತು. ಒಳಗಿನವರು ಹೊರಗೆ ಬಂದು, ಕೆಳಗೆ ನಿಂತವರಿಗೆ ತೀರ್ಮಾನ ಹೇಳುವುದಕ್ಕೆ. ನಮ್ಮ ಕಾನೂನು ಅದನ್ನು ತಿರುವಿ ಒಳಮುಖ ಮಾಡಿದೆ, ಹೊರಗಿನವರು ಒಳಗೆ ಬಂದು ಕೂತು ನೋಡಲಿ ಎಂದು. 1949ರ ಮಹಾರಾಷ್ಟ್ರ ಮಹಾನಗರಪಾಲಿಕೆ ಕಾಯ್ದೆಗೆ ಲಗತ್ತಾದ ಅನುಸೂಚಿಯಲ್ಲಿ ಎರಡು ಸಾಲಿದೆ. ಪ್ರತಿ ತಿಂಗಳು 20ನೆಯ ತಾರೀಕಿನೊಳಗೆ ಒಂದು ಸಾಮಾನ್ಯ ಸಭೆಯಾದರೂ ನಡೆಯಬೇಕು. ಮತ್ತು ಹಾಜರಿದ್ದ ಸದಸ್ಯರು ಬಹುಮತದಿಂದ ಬೇಡವೆಂದು ತೀರ್ಮಾನಿಸದ ಹೊರತು ಸಭೆ ಸಾರ್ವಜನಿಕರಿಗೆ ತೆರೆದಿರಬೇಕು. ಅಂದರೆ ನಿಮಗೂ ನನಗೂ. ಮರಾಠಿ ಚೆನ್ನಾಗಿ ಬರಬೇಕೆಂದೂ ಇಲ್ಲ. ನಲವತ್ತು ವರ್ಷ ಭಾಜಿವಾಲಿಯ ಜೊತೆ ಚೌಕಾಸಿ ಮಾಡಿದ ಮರಾಠಿ ಧಾರಾಳ ಸಾಕು.

ಇದನ್ನು ಓದಿದ ಮೇಲೆ ಸಂಘದ ಕಟ್ಟೆಯಲ್ಲಿ ನಾನೊಂದು ಪ್ರಸ್ತಾವ ಇಟ್ಟೆ. ಶಾಲು ಹೊದಿಸಿದ್ದು ಸಾಕು, ಒಂದು ತಿಂಗಳು ಕಲ್ಯಾಣಕ್ಕೆ ಹೋಗಿ ಮಹಾಸಭೆ ನೋಡಿ ಬರೋಣ, ಡೊಂಬಿವಲಿಯಿಂದ ಹತ್ತು ನಿಮಿಷದ ಗಾಡಿ ಎಂದೆ. ಮಧ್ಯಾಹ್ನದ ಹೊತ್ತು, ಗಾಡಿಯಲ್ಲಿ ಕೂರಲು ಜಾಗವೂ ಸಿಗುತ್ತದೆ. ನಗು ಬಂತು, ಚರ್ಚೆ ಬಂತು, ಒಬ್ಬರು ಅಲ್ಲಿ ಕುರ್ಚಿ ಎಸೆದಾಡುತ್ತಾರೆ ಎಂದು ಹೆದರಿಸಿದರು. ಕೊನೆಗೆ ಇಬ್ಬರು ಒಪ್ಪಿದ್ದಾರೆ. ಒಬ್ಬರು ನಿವೃತ್ತ ಶಿಕ್ಷಕಿ, ಪ್ರಶ್ನೆಗಳ ಪಟ್ಟಿಯನ್ನೇ ಮಾಡಿಟ್ಟುಕೊಂಡಿದ್ದಾರೆ. ಗ್ಯಾಲರಿಯಲ್ಲಿ ಕೂತವರು ಮಾತಾಡುವಂತಿಲ್ಲ ಟೀಚರ್, ಕೇಳಬಹುದಷ್ಟೆ ಎಂದರೆ, ಹಾಗಾದರೆ ಹೊರಗೆ ಬಂದಾಗ ಹಿಡಿಯುತ್ತೇನೆ ಎನ್ನುತ್ತಾರೆ. ಇನ್ನೊಬ್ಬರಿಗೆ ಮಂಡಿನೋವು. ಗ್ಯಾಲರಿಗೆ ಎಷ್ಟು ಮೆಟ್ಟಿಲು, ಲಿಫ್ಟ್ ಇದೆಯೇ ಎಂದು ಕೇಳಿದ್ದಾರೆ. ಈ ಸೋಮವಾರ ಹೋಗಿ ಎಣಿಸಿ ಬರಬೇಕು.